ಅಂಗುಲದೆತ್ತರದ ಸಿಪಾಯಿಗಳು

ಮೊದಲು ಪ್ಯಾಂಟು. ಮೂವತ್ತಾರು ಮಂದಿಗೂ ಬೂದು ಬಣ್ಣದ ಪ್ಯಾಂಟು. ಅದು ಒಣಗಿದ ಮೇಲೆ ಮೂವತ್ತಾರು ಕೆಂಪು ಕೋಟು. ಮರುದಿನ ಸಂಜೆ ಕಾಲರು ಮತ್ತು ತೋಳಿನ ಮಡಿಕೆ. ಕಾಲರು ಮೂವತ್ತಾರು, ಮಡಿಕೆ ಎಪ್ಪತ್ತೆರಡು, ಎಲ್ಲಕ್ಕೂ ಹಳದಿ. ಅದರ ಮರುದಿನ ಎದೆಯ ಮೇಲೆ ಅಡ್ಡಹಾಯುವ ಬಿಳಿ ಪಟ್ಟಿಗಳು, ತಲೆಗೆ ಎರಡರಂತೆ. ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿಯಬೇಕು. ಉಳಿಯದಿದ್ದರೆ ಬಿಳಿ ಕೆಂಪಿನೊಳಕ್ಕೆ ಇಳಿದು, ಸಿಪಾಯಿಯ ಎದೆ ಯಾರೋ ಸುಣ್ಣ ಎರಚಿದ ಗೋಡೆಯಂತೆ ಕಾಣುತ್ತದೆ. ಹೀಗೆ ಎರಡು ಮೂರು ವಾರ ಕಳೆದರೆ ಒಂದು ಪಟಾಲಂ ಸಿದ್ಧ. ವಾಟರ್ಲೂ ಕದನವನ್ನು ಪೂರ್ತಿ ಕಟ್ಟಬೇಕೆಂದರೆ ಇಂಥವು ನೂರಾರು ಬೇಕು.

ನೆಪೋಲಿಯನ್ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಆಡುವವರ ಸಂಜೆಗಳು ಕಳೆಯುವುದು ಹೀಗೆ. ಯುರೋಪು, ಅಮೆರಿಕಗಳಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ ಇದು ಬೇರುಬಿಟ್ಟ ಹವ್ಯಾಸ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು, ಅದರ ಮೇಲೆ ಹಸಿರು ಹಾಸು, ಪುಟ್ಟ ಬೇಲಿ, ಪುಟ್ಟ ಇಗರ್ಜಿ. ಕೈಯಲ್ಲೊಂದು ಅಳತೆಪಟ್ಟಿ, ಒಂದು ಹಿಡಿ ದಾಳ. ಎರಡೂ ಕಡೆ ಸೀಸದ್ದೋ ಪ್ಲಾಸ್ಟಿಕ್‌ನದ್ದೋ ಸಿಪಾಯಿಗಳು. ಹೆಚ್ಚಿನವರು ಬಳಸುವುದು 28 ಮಿಲಿಮೀಟರಿನವು, ಅಂದರೆ ಅಂಗುಲಕ್ಕಿಂತ ಒಂದಿಷ್ಟು ಎತ್ತರ. 15 ಮಿಲಿಮೀಟರಿನ ಪಂಗಡ ಬೇರೆ. 6 ಮಿಲಿಮೀಟರಿನ ಪಂಗಡ ಇನ್ನೂ ಬೇರೆ. ಅವರ ಸಿಪಾಯಿ ಗೋಧಿ ಕಾಳಿಗಿಂತ ದೊಡ್ಡವನಲ್ಲ, ಆದರೂ ಅವನ ಟೋಪಿಗೆ ಗರಿ ಇದೆಯೇ ಇಲ್ಲವೇ ಎಂದು ಅವರು ಜಗಳವಾಡಬಲ್ಲರು. ಆಟವೆಂಬುದು ವರ್ಷಕ್ಕೆ ಕೆಲವು ಭಾನುವಾರ. ಉಳಿದದ್ದೆಲ್ಲ ಬಣ್ಣ.

ಒಮ್ಮೆ ನಾನೂ ಕೈ ಹಾಕಿದೆ. ಹೊರದೇಶದಿಂದ ಬಂದ ಬಂಧುವೊಬ್ಬರು ಫ್ರೆಂಚ್ ಕಾಲಾಳುಗಳ ಒಂದು ಡಬ್ಬಿ ತಂದುಕೊಟ್ಟಿದ್ದರು. ಪ್ಲಾಸ್ಟಿಕ್ ಚೌಕಟ್ಟಿನಿಂದ ಕೈ, ಕಾಲು, ತಲೆಗಳನ್ನು ಕತ್ತರಿಸಿ, ಅಚ್ಚಿನ ಗೆರೆ ಹೆರೆದು, ಅಂಟು ಹಾಕಿ, ನಾಲ್ಕು ನಾಲ್ಕು ಮಂದಿಯನ್ನು ಒಂದೊಂದು ಐಸ್‌ಕ್ರೀಮ್ ಕಡ್ಡಿಗೆ ನಿಲ್ಲಿಸಿದೆ. ಕಪ್ಪು ಪ್ರೈಮರ್ ಹೊಡೆದಾಗ ಸಾಲಾಗಿ ನಿಂತ ನೆರಳುಗಳಂತೆ ಚೆನ್ನಾಗಿಯೇ ಕಂಡರು. ಕೆಟ್ಟದ್ದು ಕಣ್ಣಿನಿಂದ. ಬಲ್ಲವರು ಹೇಳಿದ್ದರು, ಈ ಗಾತ್ರಕ್ಕೆ ಕಣ್ಣು ಬರೆಯಬೇಡಿ, ಹುಬ್ಬಿನ ಕೆಳಗೆ ಒಂದು ನೆರಳು ಸಾಕು ಎಂದು. ಕೇಳಲಿಲ್ಲ. ಇಪ್ಪತ್ತನಾಲ್ಕು ಮಂದಿಯೂ ಹಿತ್ತಲಲ್ಲಿ ಹಾವು ಕಂಡವರಂತೆ ಕಣ್ಣರಳಿಸಿ ನನ್ನನ್ನೇ ನೋಡುತ್ತ ನಿಂತರು. ಆ ಪಟಾಲಂ ಇಂದಿಗೂ ಶೂ ಡಬ್ಬಿಯಲ್ಲಿದೆ. ಬಣ್ಣ ಕಾಣದೆ ಮೂಲೆ ಸೇರಿದ ಬೊಂಬೆಗಳ ರಾಶಿಯನ್ನು ಹವ್ಯಾಸಿಗಳು ಸೀಸದ ಗುಡ್ಡ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಒಂದು ಗುಡ್ಡ ಇರುತ್ತದೆ. ಬದುಕಿರುವಷ್ಟರಲ್ಲಿ ಅದು ಕರಗುವುದಿಲ್ಲ ಎಂಬುದು ಗೊತ್ತಿದ್ದೂ ಹೊಸ ಡಬ್ಬಿ ತರುತ್ತಾರೆ.

ಕುಂಚ ಹಿಡಿಯುವ ಮೊದಲೇ ಎದುರಾಗುವ ಪ್ರಶ್ನೆ: ಕೆಂಪು ಎಂದರೆ ಯಾವ ಕೆಂಪು? ಬ್ರಿಟಿಷ್ ಸಿಪಾಯಿಯ ಕೋಟಿಗೆ ಬಣ್ಣ ಬರುತ್ತಿದ್ದುದು ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಒಂದು ಗಿಡದ ಬೇರಿನಿಂದ. ಅಗ್ಗದ ಬಣ್ಣ, ಇಟ್ಟಿಗೆಯ ಛಾಯೆ. ನಾಲ್ಕು ತಿಂಗಳು ಬಿಸಿಲು ಮಳೆ ತಿಂದರೆ ಅದೂ ಕಂದುಗಟ್ಟುತ್ತಿತ್ತು. ಅಧಿಕಾರಿಗಳ ಕೋಟು ಮಾತ್ರ ಕಳ್ಳಿಗಿಡದ ಮೇಲೆ ಬದುಕುವ ಕಾಚಿನೀಲ್ ಹುಳುವಿನ ಕಡುಗೆಂಪು. ಹಾಗಾಗಿ ತಿಳಿದವರ ಮೇಜಿನ ಮೇಲೆ ಕೆಂಪಿನ ಬಾಟಲಿ ಎರಡಿರುತ್ತವೆ, ಒಂದು ಸಿಪಾಯಿಗೆ, ಒಂದು ಸಾಹೇಬನಿಗೆ. ಫ್ರೆಂಚರ ನೀಲಿಯ ಕಥೆ ಇನ್ನೂ ಸ್ವಾರಸ್ಯದ್ದು. ನೀಲಿ ಬರಬೇಕಾದದ್ದು ಕಡಲಾಚೆಯ ತೋಟಗಳಿಂದ, ಕಡಲೋ ಬ್ರಿಟಿಷರ ಕೈಯಲ್ಲಿ. ಬಣ್ಣಕ್ಕೆ ಬರ ಬಂದು 1806ರಲ್ಲಿ ನೆಪೋಲಿಯನ್ ತನ್ನ ಕಾಲಾಳುಗಳಿಗೆ ಬಿಳಿ ಕೋಟು ತೊಡಿಸಲು ಆಜ್ಞೆ ಹೊರಡಿಸಿದ. ಕೆಲವು ದಳಗಳು ತೊಟ್ಟವು ಕೂಡ. 1807ರ ಫೆಬ್ರವರಿಯಲ್ಲಿ ಐಲಾವ್ ಎಂಬಲ್ಲಿ ಹಿಮದ ನಡುವೆ ಘೋರ ಕದನ ನಡೆಯಿತು. ಬಿಳಿ ಕೋಟಿನ ಮೇಲೆ ರಕ್ತ ಕಂಡು ಚಕ್ರವರ್ತಿಯೇ ಬೆಚ್ಚಿದನೆಂದು ಕಥೆ. ಕಥೆ ನಿಜವೋ ಅಲ್ಲವೋ, ಆ ವರ್ಷವೇ ನೀಲಿ ಮರಳಿ ಬಂತು. ಈ ಒಂದು ಕಾರಣಕ್ಕೇ ನೀಲಿ ಸೈನ್ಯದ ನಡುವೆ ಒಂದೇ ಒಂದು ಬಿಳಿ ಪಟಾಲಂ ಮಾಡಿಟ್ಟುಕೊಳ್ಳುವವರಿದ್ದಾರೆ. ಮೇಜಿಗೆ ಬಂದವರು ಇದೇನೆಂದು ಕೇಳಲಿ ಎಂಬ ಆಸೆ. ಕೇಳಿದರೆ ಅರ್ಧ ಗಂಟೆ ಹೋಯಿತು.

ಸಮವಸ್ತ್ರದ ಗುಂಡಿಗಳನ್ನು ಎಣಿಸಿ ಜಗಳಕ್ಕೆ ಬರುವವರನ್ನು ಹವ್ಯಾಸಿಗಳೇ ಗುಂಡಿ ಎಣಿಸುವವರು ಎಂದು ಆಡಿಕೊಳ್ಳುತ್ತಾರೆ. ಆದರೆ ಗುಂಡಿ ಎಣಿಸಿ ಬರೆದ ಸಿಪಾಯಿ ನಿಜದ ಸಿಪಾಯಿಯೇ? ಕಾಗದದ ಮೇಲಿನ ನಿಯಮ ಒಂದು, ದಂಡಯಾತ್ರೆಯಲ್ಲಿ ಮೈಮೇಲಿದ್ದದ್ದು ಇನ್ನೊಂದು. ಹರಿದ ಪ್ಯಾಂಟಿನ ಜಾಗಕ್ಕೆ ಸಿಕ್ಕ ಕಂದು ಬಟ್ಟೆ, ಟೋಪಿಗೆ ಎಣ್ಣೆಬಟ್ಟೆಯ ಮುಸುಕು, ಎಲ್ಲದರ ಮೇಲೊಂದು ಉದ್ದನೆಯ ಓವರ್‌ಕೋಟು. ವಾಟರ್ಲೂ ಕದನ ನಡೆದದ್ದು 1815ರ ಜೂನ್ 18ರಂದು, ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ಸೊಂಟದ ತನಕ ಕೆಸರು ಮೆತ್ತಿದವನಿಗೆ ಹಾಲಿನಂಥ ಬಿಳಿ ಪಟ್ಟಿ ಬರೆಯುವುದು ಸುಳ್ಳು. ಕೆಸರನ್ನೇ ಬರೆದರೆ ಆ ಕಾಲದ ಬೆಡಗೇ ಹೋಯಿತು. ಬೆಡಗಿಲ್ಲದಿದ್ದರೆ ಈ ಕಾಲವನ್ನೇ ಯಾಕೆ ಆರಿಸಿಕೊಳ್ಳಬೇಕಿತ್ತು? ಬಹಳ ಮಂದಿ ಪ್ಯಾಂಟಿನ ತುದಿಗೆ ಒಂದಿಷ್ಟು ಕಂದು ಸವರಿ ರಾಜಿಯಾಗುತ್ತಾರೆ.

ಪುಟ್ಟ ಸಿಪಾಯಿಯಲ್ಲಿ ಎಷ್ಟು ನಿಜ ತುಂಬಬಹುದು ಎಂಬ ಹಟಕ್ಕೆ ಬಿದ್ದು ಬದುಕನ್ನೇ ತೆತ್ತವನೊಬ್ಬನಿದ್ದಾನೆ, ವಿಲಿಯಂ ಸೈಬೋರ್ನ್. ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್. ವಾಟರ್ಲೂವಿನಲ್ಲಿ ಕಾದಿದವನಲ್ಲ. 1830ರಲ್ಲಿ ಆ ರಣಭೂಮಿಯ ಮಾದರಿಯೊಂದನ್ನು ಮಾಡುವ ಕೆಲಸ ಅವನ ಪಾಲಿಗೆ ಬಂತು. ಆತ ನೇರ ಬೆಲ್ಜಿಯಂಗೆ ಹೋಗಿ, ಕದನದ ನಟ್ಟನಡುವೆ ಇದ್ದ ಲಾ ಹೇ ಸೆಂಟ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಬಿಡಾರ ಹೂಡಿ ನೆಲ ಅಳೆದ. ನೆಲವೂ ಮೊದಲಿನಂತಿರಲಿಲ್ಲ. ಸಿಂಹದ ಪ್ರತಿಮೆಯ ಸ್ಮಾರಕ ಕಟ್ಟುವುದಕ್ಕೆಂದು ಅಲ್ಲಿನ ದಿಬ್ಬದ ಮಣ್ಣನ್ನೇ ಬಗೆದು ನಲವತ್ತು ಮೀಟರಿಗೂ ಎತ್ತರದ ಗುಡ್ಡ ಎಬ್ಬಿಸಿದ್ದರು. ಸೈಬೋರ್ನ್ ಮಾಯವಾದ ದಿಬ್ಬವನ್ನು ಮನಸ್ಸಿನಲ್ಲೇ ಮತ್ತೆ ತುಂಬಿಕೊಳ್ಳಬೇಕಾಯಿತು.

ಆಮೇಲೆ ಪತ್ರ ಬರೆಯತೊಡಗಿದ. ಬದುಕುಳಿದ ಅಧಿಕಾರಿಗಳಿಗೆಲ್ಲ ಒಂದೇ ಪ್ರಶ್ನಾವಳಿ: ಆ ಸಂಜೆ ಏಳು ಗಂಟೆಯ ಹೊತ್ತಿಗೆ ನಿಮ್ಮ ದಳ ಎಲ್ಲಿತ್ತು, ಎದುರಿಗಿದ್ದ ಶತ್ರು ಯಾವ ವ್ಯೂಹದಲ್ಲಿದ್ದ, ನೀವು ನಿಂತ ಹೊಲದಲ್ಲಿ ಯಾವ ಬೆಳೆ ಇತ್ತು? ಕೊನೆಯ ಪ್ರಶ್ನೆ ನನಗೆ ಬಹಳ ಹಿಡಿಸಿದ್ದು. ಗುಂಡಿನ ಮಳೆಯಲ್ಲಿ ನಿಂತವನನ್ನು ಹದಿನೈದಿಪ್ಪತ್ತು ವರ್ಷಗಳ ಮೇಲೆ, ನಿನ್ನ ಕಾಲಡಿ ಇದ್ದದ್ದು ರೈ ಬೆಳೆಯೋ ಗೋಧಿಯೋ ಎಂದು ಕೇಳುವುದು! ನೂರಾರು ಮಂದಿ ಉತ್ತರಿಸಿದರು. ಅಷ್ಟರಲ್ಲಿ, 1833ರಲ್ಲಿ, ಸರ್ಕಾರ ಹಣ ನಿಲ್ಲಿಸಿತು. ಸೈಬೋರ್ನ್ ಬಿಡದೆ ಸಾಲ ಮಾಡಿ ಮುಂದುವರಿಸಿದ. ಒಂದು ಮೈಲಿಗೆ ಒಂಬತ್ತು ಅಡಿಯ ಲೆಕ್ಕದಲ್ಲಿ ನೆಲ, ಅದರ ಮೇಲೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೀಸದ ಬೊಂಬೆ, ಒಂದೊಂದೂ ಒಂದು ಸೆಂಟಿಮೀಟರಿನ ಆಸುಪಾಸು. 1838ರಲ್ಲಿ ಲಂಡನ್ನಿನ ಪಿಕಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ. ಜನ ಮುಗಿಬಿದ್ದರು, ಸಾಲ ಮಾತ್ರ ತೀರಲಿಲ್ಲ.

ತಕರಾರು ಬಂದದ್ದು ಗೆದ್ದವನ ಕಡೆಯಿಂದ. ಏಳು ಗಂಟೆಗೆ ಪ್ರಷ್ಯದ ಸೈನ್ಯ ನೆಪೋಲಿಯನ್ನನ ಪಕ್ಕೆಗೆ ಬಂದು ತಿವಿಯುತ್ತಿತ್ತೆಂಬುದು ಸೈಬೋರ್ನ್‌ಗೆ ಬಂದ ಪತ್ರಗಳ ಸಾಕ್ಷ್ಯ. ಅವನ ಮಾದರಿಯಲ್ಲೂ ಹಾಗೆಯೇ ಇತ್ತು. ವೆಲಿಂಗ್ಟನ್ ಡ್ಯೂಕನಿಗೂ ಅವನ ಸುತ್ತಲಿನವರಿಗೂ ಅದು ಸರಿಕಾಣಲಿಲ್ಲ, ಗೆಲುವಿನಲ್ಲಿ ಪಾಲು ಕೇಳಿದಂತಾಯಿತು. ಕಡೆಗೆ ಸೈಬೋರ್ನ್ ಮಣಿದ. ಸಾವಿರಾರು ಪ್ರಷ್ಯನ್ ಬೊಂಬೆಗಳು ಮಾದರಿಯಿಂದ ಎದ್ದುಹೋದವು. 1849ರಲ್ಲಿ ಆತ ತೀರಿಕೊಂಡ. ಲಂಡನ್ನಿನ ಚೆಲ್ಸಿಯ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿ ಆ ಮಾದರಿ ಇವತ್ತಿಗೂ ಇದೆ. ಪತ್ರಗಳಲ್ಲಿ ಆಯ್ದ ಕೆಲವನ್ನು ಅವನ ಮಗ 1891ರಲ್ಲಿ ಅಚ್ಚು ಹಾಕಿಸಿದ. ಇಂದಿನ ಹವ್ಯಾಸಿ ತನ್ನ ಮೇಜಿನ ಮೇಲೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಈಗಲೂ ಆ ಪುಸ್ತಕವನ್ನು ತಿರುವುತ್ತಾನೆ.

ಈ ಡ್ಯೂಕನ ಇನ್ನೊಂದು ಮುಖ ನಮ್ಮ ಶ್ರೀರಂಗಪಟ್ಟಣದಲ್ಲಿದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಊರಿನ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದದ್ದು. ಆಗ ಆತ ಉಳಿದುಕೊಂಡದ್ದು ದರಿಯಾ ದೌಲತ್‌ನಲ್ಲಿ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದವರಿಗೆಲ್ಲ ಪಡುವಣ ಗೋಡೆ ನೆನಪಿರುತ್ತದೆ. 1780ರ ಪೊಲ್ಲಿಲೂರು ಕದನ, ಆನೆಯ ಮೇಲೆ ಹೈದರ್ ಮತ್ತು ಟಿಪ್ಪು, ನಡುವೆ ಕೆಂಪು ಕೋಟಿನ ಇಂಗ್ಲಿಷರ ಚೌಕ, ಚೌಕದೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಪಕ್ಕದಲ್ಲಿ ಸಿಡಿದ ಮದ್ದಿನ ಬಂಡಿ. ಸಾಲು ಸಾಲು ಸಿಪಾಯಿಗಳಿಗೆ ಒಂದೇ ಮುಖ, ಒಂದೇ ಭಂಗಿ, ಒಂದೇ ಕೆಂಪು. ಮೂವತ್ತಾರು ಪ್ಯಾಂಟು ಒಟ್ಟಿಗೆ ಬರೆದು ಮುಗಿಸಿದವರು ಆ ಗೋಡೆಯ ಮುಂದೆ ನಿಂತರೆ ಚಿತ್ರಗಾರನ ಕೈನೋವು ಕೂಡಲೇ ಅರ್ಥವಾಗುತ್ತದೆ. ಇಂಗ್ಲಿಷರ ದೊಡ್ಡ ಸೋಲಿನ ಈ ಚಿತ್ರ ಮಾಸಿಹೋಗಿದ್ದಾಗ ಅದನ್ನು ಮತ್ತೆ ಬರೆಸಿದವನು ಅದೇ ವೆಲ್ಲೆಸ್ಲಿ. ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬರೆಸಿದರು. ಬೇಲಿಯ ಸೋಲನ್ನು ಗೋಡೆಯ ಮೇಲೆ ಉಳಿಸಿದವನಿಗೆ ತನ್ನ ಗೆಲುವಿನ ಮಗ್ಗುಲಲ್ಲಿ ಸೀಸದ ಪ್ರಷ್ಯನ್ನರನ್ನು ಕಂಡು ಸಹಿಸಲಾಗಲಿಲ್ಲ. ಬೇರೆಯವನ ಸೋಲನ್ನು ನೋಡುತ್ತ ಉಣ್ಣಬಹುದು, ತನ್ನ ಗೆಲುವನ್ನು ಹಂಚಿಕೊಳ್ಳುವುದೇ ಕಷ್ಟವೇನೋ.

ಇನ್ನು ಆಟ. ಇದನ್ನು ಗಂಭೀರವಾಗಿ ಕಟ್ಟಿದವರು ಪ್ರಷ್ಯನ್ನರೇ. 1812ರಲ್ಲಿ ಬ್ಯಾರನ್ ಫಾನ್ ರೈಸ್ವಿಟ್ಸ್ ಎಂಬಾತ ತಾನು ರೂಪಿಸಿದ ಯುದ್ಧದಾಟದ ಮೇಜನ್ನು ತನ್ನ ದೊರೆಗೆ ಒಪ್ಪಿಸಿದ. ಸೈನ್ಯದಲ್ಲಿದ್ದ ಅವನ ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲೆ ಆಡುವಂತೆ ತಿದ್ದಿ, ದಾಳ ಸೇರಿಸಿ, ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿದ. ಸೇನೆ ಅದನ್ನು ಅಧಿಕಾರಿಗಳ ತರಬೇತಿಗೇ ತೆಗೆದುಕೊಂಡಿತು. ಅದು ಪಾಠ, ಮನೆಯ ಆಟವಲ್ಲ. ಮನೆಯಲ್ಲಿ ಬೊಂಬೆಗಳು ಬೇರೆಯೇ ದಾರಿ ಹಿಡಿದಿದ್ದವು. 1826ರಲ್ಲಿ ಯಾರ್ಕ್‌ಶೈರಿನ ಪಾದ್ರಿಯೊಬ್ಬರು ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಒಬ್ಬ ಮಗಳು ತನಗೊಂದನ್ನು ಕಸಿದುಕೊಂಡು ವೆಲಿಂಗ್ಟನ್ ಎಂದು ಹೆಸರಿಟ್ಟಳು, ಮಗ ತನ್ನದಕ್ಕೆ ಬೋನಪಾರ್ಟೆ ಎಂದ. ಆ ಮಗಳು ಶಾರ್ಲೆಟ್ ಬ್ರಾಂಟೆ. ಜೇನ್ ಐರ್ ಬರೆಯುವ ಮೊದಲು ಅವಳ ಕಲ್ಪನೆ ಪಳಗಿದ್ದು ಆ ಸಿಪಾಯಿಗಳ ಸುತ್ತ ಕಟ್ಟಿದ ಕಥೆಗಳಲ್ಲಿ. ಎಚ್. ಜಿ. ವೆಲ್ಸ್ 1913ರಲ್ಲಿ ಲಿಟಲ್ ವಾರ್ಸ್ ಎಂಬ ನಿಯಮದ ಪುಸ್ತಕ ಬರೆದ. ಅದರಲ್ಲಿ ಆಟಿಕೆಯ ತೋಪಿನಿಂದ ಮರದ ಚೂರು ಹಾರಿಸಿ ಬೊಂಬೆಗಳನ್ನು ಬೀಳಿಸಬೇಕು. ದೊಡ್ಡ ಯುದ್ಧ ಬೇಡ, ಈ ಪುಟ್ಟ ಯುದ್ಧ ಸಾಕು ಎಂಬುದು ಅವನ ವಾದ. ಮುಂದಿನ ವರ್ಷವೇ ಮಹಾಯುದ್ಧ ಶುರುವಾಯಿತು.

ಮೇಜಿನ ಮೇಲಿನ ಸುಳ್ಳುಗಳಲ್ಲಿ ದೊಡ್ಡದು ಅಳತೆಯದು. 28 ಮಿಲಿಮೀಟರಿನ ಸಿಪಾಯಿ ನಿಜದ ಮನುಷ್ಯನ ಸುಮಾರು ಅರುವತ್ತನೆಯ ಒಂದು ಪಾಲು. ಅವನ ಬಂದೂಕು ಕೆಲಸಕ್ಕೆ ಬರುತ್ತಿದ್ದುದು ನೂರು ಗಜದೊಳಗೆ. ಅದನ್ನು ಅರುವತ್ತರಿಂದ ಭಾಗಿಸಿದರೆ ಐದಡಿ, ಅಂದರೆ ಹೆಚ್ಚುಕಡಿಮೆ ಮೇಜಿನ ಈ ತುದಿಯಿಂದ ಆ ತುದಿ. ಒಂಬೈನೂರು ಗಜ ಹೊಡೆಯುವ ತೋಪಿಗೆ ನಲವತ್ತೈದು ಅಡಿ ಬೇಕು, ಪಕ್ಕದ ಮನೆಯ ಅಡುಗೆಮನೆ ದಾಟಬೇಕು. ಹಾಗಾಗಿ ಬೊಂಬೆಗೊಂದು ಅಳತೆ, ನೆಲಕ್ಕೊಂದು ಅಳತೆ. ತಲೆಯ ಲೆಕ್ಕವೂ ಬೇರೆ: ಒಂದು ಬೊಂಬೆ ಇಪ್ಪತ್ತು ಮಂದಿಗೆ ಸಮ ಎಂದುಕೊಂಡರೆ ಮೂವತ್ತಾರು ಬೊಂಬೆ ಏಳುನೂರಿಪ್ಪತ್ತು ಜನರ ಪಟಾಲಂ. ಅದೇ ಲೆಕ್ಕದಲ್ಲಿ ಹಳ್ಳಿಯೆಂದರೆ ಎರಡು ಮನೆ, ಕಾಡೆಂದರೆ ಐದು ಮರ. ನಮ್ಮ ಬಯಲಾಟದಲ್ಲಿ ಪಾತ್ರಧಾರಿ ರಂಗಕ್ಕೆ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ತಲುಪಿದ ಹಾಗಲ್ಲವೇ? ಒಪ್ಪಿಕೊಂಡವರಿಗೆ ಅದೇನೂ ತೊಡಕಲ್ಲ.

ಒಪ್ಪಿಕೊಂಡ ಮೇಲೆ ಆಟಕ್ಕೆ ಜೀವ ಬರುವುದು ಮೂರು ವ್ಯೂಹಗಳಿಂದ. ಉದ್ದ ಸಾಲಾಗಿ ನಿಂತರೆ ಎಲ್ಲರ ಬಂದೂಕೂ ಮಾತಾಡುತ್ತದೆ, ಆದರೆ ಹೆಜ್ಜೆ ನಿಧಾನ. ಕಂಬದಂತೆ ಒತ್ತಾಗಿ ನಿಂತರೆ ಬೇಗ ನುಗ್ಗಬಹುದು, ಆದರೆ ಗುಂಡು ಹಾರಿಸುವವರು ಮುಂದಿನವರು ಮಾತ್ರ. ಕುದುರೆಗಳು ಮೇಲೆ ಬಿದ್ದರೆ ನಾಲ್ಕು ಕಡೆಗೂ ಬಯೊನೆಟ್ ಚಾಚಿ ಚೌಕವಾಗಬೇಕು, ಮುಳ್ಳುಹಂದಿಯಂತೆ. ಚೌಕವಾದ ಕ್ಷಣಕ್ಕೇ ತೋಪಿನ ಬಾಯಿಗೆ ತುತ್ತು. ಆಡುವವನ ಪರದಾಟವೆಲ್ಲ ಈ ಮೂರರ ನಡುವೆ, ಎದುರಾಳಿ ಕುದುರೆಯನ್ನು ಮುಂದೆ ತಂದು ತೋಪನ್ನು ಹಿಂದೆ ಅಡಗಿಸಿದ್ದಾನೋ ಎಂಬ ಅನುಮಾನದಲ್ಲಿ.

ನನಗೆ ಹೆಚ್ಚು ನಿಜವೆನಿಸುವ ನಿಯಮ ಇನ್ನೊಂದಿದೆ. 2009ರಲ್ಲಿ ಬಂದ ಬ್ಲಾಕ್ ಪೌಡರ್ ಎಂಬ ನಿಯಮಾವಳಿಯಲ್ಲಿ ದಳಕ್ಕೆ ಕೊಡುವ ಆಜ್ಞೆಯನ್ನು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ ಉರುಳಿಸಬೇಕು. ಸೇನಾಪತಿಯ ಯೋಗ್ಯತೆಗಿಂತ ಹೆಚ್ಚಿನ ಸಂಖ್ಯೆ ಬಿದ್ದರೆ ದಳ ನಿಂತಲ್ಲಿಂದ ಕದಲುವುದಿಲ್ಲ. ತೀರ ಕಡಿಮೆ ಬಿದ್ದರೆ ಒಂದೇ ಉಸಿರಿಗೆ ಮೂರು ಪಟ್ಟು ದೂರ ನಡೆಯುತ್ತದೆ. ಎರಡು ಆರು ಬಿದ್ದರೆ ಎಡವಟ್ಟು, ಯಾವ ದಿಕ್ಕಿಗೆ ಹೋಗುತ್ತಾರೋ ದೇವರೇ ಬಲ್ಲ. ಹೊಸಬರು ರೇಗುತ್ತಾರೆ, ಹೇಳಿದ ಮಾತು ಕೇಳದಿದ್ದರೆ ಇದೆಂಥ ಸೈನ್ಯ ಎಂದು. ವಾಟರ್ಲೂವಿಗೆ ಎರಡು ದಿನ ಮೊದಲು ನೆಪೋಲಿಯನ್ನನ ಸರದಾರ ಡೆರ್ಲೋನ್ ಇಪ್ಪತ್ತು ಸಾವಿರದಷ್ಟು ಜನರನ್ನು ಕಟ್ಟಿಕೊಂಡು ಲಿನ್ಯಿ ಮತ್ತು ಕ್ಯಾತ್ರ್ ಬ್ರಾ ಎಂಬ ಎರಡು ರಣಗಳ ನಡುವೆ ದಿನವಿಡೀ ಅತ್ತಿಂದಿತ್ತ ನಡೆದ. ಒಂದೊಂದು ಕಡೆಯಿಂದ ಒಂದೊಂದು ಆಜ್ಞೆ. ಎರಡು ಕದನಗಳಿಗೂ ಬೇಕಾಗಿದ್ದ ಸೈನ್ಯ ಎರಡಕ್ಕೂ ಸಿಗಲಿಲ್ಲ. ಆ ದಾಳ ಈ ಆಟಕ್ಕೆ ಬಂದದ್ದು ಅಂಥ ದಿನಗಳಿಂದ.

ಇಷ್ಟೆಲ್ಲಕ್ಕೂ ಮೊದಲು ಯಾರೋ ಒಬ್ಬರು ಆ ಅಂಗುಲದ ಮೂರ್ತಿಯನ್ನು ಕಡೆಯಬೇಕಲ್ಲ. ಈ ಲೋಕದಲ್ಲಿ ದೊಡ್ಡ ಹೆಸರು ನಾಟಿಂಗ್‌ಹ್ಯಾಮಿನ ಅವಳಿ ಸೋದರರು, ಅಲನ್ ಮತ್ತು ಮೈಕೆಲ್ ಪೆರ್ರಿ. ಕೈಯಲ್ಲಿ ಹಸಿರು ಬಣ್ಣದ ಎಪಾಕ್ಸಿ ಜೇಡಿ, ಒಂದೆರಡು ಸೂಜಿಯಂಥ ಸಲಕರಣೆ. ಹಳೆಯ ಕಾಲದ ಕದನಗಳನ್ನು ವೇಷ ತೊಟ್ಟು ಮರುನಟಿಸುವ ಗೀಳೂ ಅವರಿಗುಂಟು. 1996ರಲ್ಲಿ ಅಂಥದೇ ಒಂದು ಪ್ರದರ್ಶನದಲ್ಲಿ ಫಿರಂಗಿಯ ಅವಘಡದಿಂದ ಮೈಕೆಲ್ ಬಲಗೈ ಕಳೆದುಕೊಂಡರು. ಎಡಗೈಯಲ್ಲಿ ಮೂರ್ತಿ ಕಡೆಯುವುದನ್ನು ಕಲಿತು ಮತ್ತೆ ಕೆಲಸಕ್ಕೆ ಕುಳಿತರು. ಆ ಎಡಗೈಯ ಗುಂಡಿಗಳನ್ನೂ ಈಗ ಜನ ಎಣಿಸುತ್ತಾರೆ.

ಯುದ್ಧವನ್ನು ಆಟ ಮಾಡುವುದು ಸರಿಯೇ ಎಂಬ ಪ್ರಶ್ನೆ ಈ ಮೇಜಿನ ಬಳಿ ಬರದೆ ಇರುವುದಿಲ್ಲ. ವಾಟರ್ಲೂವಿನ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ನಲವತ್ತು ಸಾವಿರಕ್ಕೂ ಹೆಚ್ಚು. ಮೇಜಿನ ಮೇಲೆ ಬಿದ್ದವನನ್ನು ಎತ್ತಿ ಡಬ್ಬಿಗೆ ಹಾಕುತ್ತಾರೆ, ಮುಂದಿನ ಭಾನುವಾರ ಅವನು ಮತ್ತೆ ಎದ್ದು ನಿಲ್ಲುತ್ತಾನೆ. 2019ರ ಜೂನ್‌ನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೊಂಬೆಗಳನ್ನು ಹೂಡಿ ಇಡೀ ವಾಟರ್ಲೂವನ್ನು ಆಡಿದರು. ಅದು ವಾಟರ್ಲೂ ಅನ್‌ಕವರ್ಡ್ ಎಂಬ ಸಂಸ್ಥೆಗಾಗಿ ನಡೆದದ್ದು. ಇಂದಿನ ಯುದ್ಧಗಳಿಂದ ನೊಂದು ಮರಳಿದ ಯೋಧರನ್ನು ಪುರಾತತ್ತ್ವಜ್ಞರ ಜೊತೆ ಆ ಹಳೆಯ ರಣಭೂಮಿಗೆ ಕರೆದೊಯ್ದು ಮಣ್ಣು ಅಗೆಯುವ ಕೆಲಸದಲ್ಲಿ ತೊಡಗಿಸುವ ಸಂಸ್ಥೆ ಅದು. ಮೇಜಿನ ಮೇಲಿನ ಹಸಿರು ಹಾಸಿನಡಿ ಸಿಗದದ್ದು ಅವರ ಗುದ್ದಲಿಗೆ ಸಿಗುತ್ತದೆ: ಚಪ್ಪಟೆಯಾದ ಬಂದೂಕಿನ ಗುಂಡು, ಕೋಟಿನ ಗುಂಡಿ, ಕತ್ತರಿಸಿದ ಕಾಲಿನ ಮೂಳೆ.

ಈ ಸೈನ್ಯಗಳ ಸಾಲಿನಲ್ಲಿ ನಾನು ಯಾವಾಗಲೂ ಹುಡುಕುವುದು ಒಂದು ಸಣ್ಣ ತುಕಡಿಯನ್ನು, ಕ್ಯಾಪ್ಟನ್ ವಿನ್ಯೇಟ್ಸ್‌ನ ರಾಕೆಟ್ ದಳ. ಅದರ ಬೇರು ನಮ್ಮಲ್ಲಿದೆ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋಗಿ, ಅವುಗಳ ಜಾಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನವನ್ನು ಮಾಡಿದ. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಸಿಕ್ಕಿದವಲ್ಲ, ಅವುಗಳ ವಂಶದವು. ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ಅವುಗಳ ಎದುರು ತಬ್ಬಿಬ್ಬಾಗಿದ್ದ ವೆಲಿಂಗ್ಟನ್‌ಗೆ ಕಡೆಯವರೆಗೂ ಅವು ಒಗ್ಗಲಿಲ್ಲ. ವಾಟರ್ಲೂವಿನ ಹಿಂದಿನ ದಿನ ಜೆನಾಪ್ ಊರಿನ ಬಳಿ ವಿನ್ಯೇಟ್ಸ್‌ನವರು ಹಾರಿಸಿದ್ದನ್ನು ಮರ್ಸರ್ ಎಂಬ ತೋಪಿನ ದಳದ ಅಧಿಕಾರಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊದಲನೆಯದು ಗುರಿ ಮುಟ್ಟಿತು. ಆಮೇಲಿನವು ದಿಕ್ಕು ತಪ್ಪಿದವು. ಒಂದಂತೂ ಹಿಂದಿರುಗಿ ಅವನನ್ನೇ ಅಟ್ಟಿಸಿಕೊಂಡು ಬಂತು.

ಹವ್ಯಾಸಿಗಳಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಹೊಸದಾಗಿ ಬಣ್ಣ ಬಳಿದು, ವಾರ್ನಿಷ್ ಹೊಡೆದು, ತಳಕ್ಕೆ ಮರಳು ಹುಲ್ಲು ಅಂಟಿಸಿ ತಂದ ದಳ ತನ್ನ ಮೊದಲ ಆಟದಲ್ಲಿ ಓಡಿಯೇ ಹೋಗುತ್ತದಂತೆ. ರಾಕೆಟ್ ದಳಕ್ಕೆ ನಿಯಮವೂ ಅದಕ್ಕೆ ತಕ್ಕಂತೆ ಇರುತ್ತದೆ, ಎಷ್ಟು ದೂರ ಹಾರಿತೆಂಬುದಕ್ಕೆ ಒಂದು ದಾಳ, ಯಾವ ಕಡೆ ತಿರುಗಿತೆಂಬುದಕ್ಕೆ ಇನ್ನೊಂದು. ಎರಡು ತಿಂಗಳು ಕೂತು ಕುದುರೆಯ ಜೀನಿನ ಅಂಚಿಗೂ ಬಣ್ಣ ತುಂಬಿದವನು ಮೊದಲ ದಾಳ ಉರುಳಿಸುತ್ತಾನೆ. ಎರಡನೆಯದನ್ನೂ ಉರುಳಿಸುತ್ತಾನೆ. ಸುತ್ತ ನಿಂತವರು ಬಗ್ಗಿ ನೋಡುತ್ತಾರೆ. ಅಳತೆಪಟ್ಟಿ ಮೆಲ್ಲಗೆ ಅವನ ಸೇನಾಪತಿಯ ಕಡೆಗೇ ತಿರುಗುತ್ತದೆ.